ಕಿಟಕಿ ಪಕ್ಕದ ಹಾಸಿಗೆಯ ಚೀಟಿ

ತಳ ಹಿಡಿದ ಹಾಲಿನ ವಾಸನೆ ಎಲ್ಲಿ ಮೂಗಿಗೆ ಬಡಿದರೂ ಪುಟ್ಟಿಗೆ ಮೊದಲು ನೆನಪಾಗುವುದು ಹಾಲಲ್ಲ, ಅಕ್ಕನ ಬೆನ್ನು. ಆಗ ಪುಟ್ಟಿಗೆ ಏಳು ವರ್ಷವಿರಬಹುದು, ಅಕ್ಕನಿಗೆ ಹದಿನೈದು. ಹಾಲು ನೋಡಿಕೋ ಎಂದು ಒಲೆಯ ಮುಂದೆ ಕೂರಿಸಿ ಅಮ್ಮ ನೀರಿಗೆ ಹೋಗಿದ್ದಳು. ಪುಟ್ಟಿಯ ಮಡಿಲಲ್ಲಿ ಕಥೆಪುಸ್ತಕವಿತ್ತು. ಕಥೆಯಲ್ಲಿ ದೋಣಿ ಮುಳುಗುವ ಹೊತ್ತಿಗೆ ಇಲ್ಲಿ ಹಾಲು ಉಕ್ಕಿ, ಬತ್ತಿ, ತಳ ಸೀದು, ಮನೆಯೆಲ್ಲ ಸುಟ್ಟ ಸಿಹಿಯ ಕಮಟು ತುಂಬಿತು. ಅಮ್ಮ ಬಾಗಿಲಲ್ಲಿ ಕಾಣಿಸಿಕೊಂಡಾಗ ಅಕ್ಕ ಹೊಲಿಗೆ ಯಂತ್ರದಿಂದ ಎದ್ದು ಬಂದು ಒಲೆಗೂ ಅಮ್ಮನಿಗೂ ನಡುವೆ ಅಡ್ಡ ನಿಂತಿದ್ದಳು. "ನಾನೇ ಮರೆತೆ ಕಣಮ್ಮ" ಎಂದಳು. ಬೈಗುಳವನ್ನೆಲ್ಲ ಅವಳೇ ತಿಂದಳು. ಆಮೇಲೆ ಮೇಲಿನ ತಿಳಿಹಾಲನ್ನು ಪುಟ್ಟಿಯ ಲೋಟಕ್ಕೆ ಬಗ್ಗಿಸಿ, ತಳದ ಕಮಟು ಹಾಲನ್ನು ತಾನು ಒಂದೇ ಗುಟುಕಿಗೆ ಕುಡಿದಳು.

ಈಗ ಪುಟ್ಟಿಗೆ ಐವತ್ತು ದಾಟಿದೆ. ತಲೆ ಅರ್ಧ ನರೆತಿದೆ. ಆದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ಕೆಲಸ ಮಾಡುವ ದೊಡ್ಡ ಆಸ್ಪತ್ರೆಯಲ್ಲಿ ಮಾತ್ರ ಅವಳ ಹೆಸರು ಚೀಟಿ ಮೇಡಂ. ಅದಕ್ಕೆ ಕಾರಣವೂ ಇದೆ. ಆ ಆಸ್ಪತ್ರೆಯಲ್ಲಿ ರೋಗಿಗಳ ಊಟ ಚೀಟಿಯ ಮೇಲೆ ನಡೆಯುತ್ತದೆ. ಯಾವ ವಾರ್ಡು, ಯಾವ ಹಾಸಿಗೆ, ಉಪ್ಪು ಬೇಕೇ ಬೇಡವೇ, ಮೆತ್ತಗಿನದೇ ಗಟ್ಟಿಯದೇ, ಎಲ್ಲವೂ ಅಂಗೈಯಗಲದ ಒಂದು ಚೀಟಿಯಲ್ಲಿ ಅಚ್ಚಾಗಿ ಅಡುಗೆಮನೆಗೆ ಬರುತ್ತದೆ. ಚೀಟಿಯನ್ನು ಟ್ರೇಗೆ ಸಿಕ್ಕಿಸಿ ಮೇಲಕ್ಕೆ ಕಳಿಸುತ್ತಾರೆ. ಚೀಟಿ ಬರದಿದ್ದರೆ ಟ್ರೇ ಇಲ್ಲ. ಆ ರೋಗಿಗೆ ಶಸ್ತ್ರಚಿಕಿತ್ಸೆಯಿದೆ, ಡಾಕ್ಟರು ಉಪವಾಸ ಹೇಳಿದ್ದಾರೆ ಎಂದು ಅರ್ಥ. ಯಾರೂ ಕೇಳುವುದಿಲ್ಲ, ಕೇಳುವ ಪದ್ಧತಿಯೇ ಇಲ್ಲ. ಈ ಚೀಟಿಗಳನ್ನು ಬರೆದು ಕೊಡುವ ಪ್ರೋಗ್ರಾಂ ಪುಟ್ಟಿಯದು. ನೆಲಮಾಳಿಗೆಯಲ್ಲಿ, ಅಡುಗೆಮನೆಯ ಗೋಡೆಗೆ ಅಂಟಿಕೊಂಡ ಕೋಣೆಯಲ್ಲಿ ಕೂತು ಅವಳು ಅದನ್ನು ವರ್ಷಗಳಿಂದ ಸಾಕಿಕೊಂಡು ಬಂದಿದ್ದಾಳೆ.

ಅಕ್ಕ ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ಇದೇ ಆಸ್ಪತ್ರೆಗೆ ಸೇರಿದ್ದಳು. ಮೂರನೇ ಮಹಡಿ, ಹೆಂಗಸರ ವಾರ್ಡು, ಕೊನೆಯ ಹಾಸಿಗೆ, ಕಿಟಕಿಯ ಪಕ್ಕ. ಆಪರೇಷನ್ ಚೆನ್ನಾಗಿ ಆಯಿತು. ಅದಾಗಿ ಮೂರನೆಯ ದಿನ ಮಧ್ಯಾಹ್ನ ಮನೆಗೆ ಕಳಿಸುತ್ತೇವೆ ಎಂದಿದ್ದರು. ಅಕ್ಕನಿಗೂ ಅಷ್ಟೇ ಬೇಕಿತ್ತು. ಯಾಕೆಂದರೆ ಅದೇ ಸಂಜೆ ಹತ್ತಿರದ ಶಾಲೆಯ ಮಕ್ಕಳ ನಾಟಕ.

ಅಕ್ಕ ಟೈಲರ್. ಆ ಶಾಲೆಯ ನಾಟಕಗಳಿಗೆಲ್ಲ ವೇಷದ ಬಟ್ಟೆ ಹೊಲಿಯುತ್ತ ಬಂದವಳು ಅವಳೇ. ಆದರೆ ಒಂದು ಸಲವೂ ನಾಟಕ ನೋಡಿದವಳಲ್ಲ. ಆಟದ ದಿನವೆಲ್ಲ ಅವಳಿಗೆ ಪರದೆಯ ಹಿಂದೆಯೇ ಕೆಲಸ. ಹರಿದ ತೋಳು, ಕಿತ್ತ ಗುಂಡಿ, ಅಳುವ ಮಗುವಿನ ಸಡಿಲ ಲಾಡಿ. ಈ ವರ್ಷ ಕಣ್ಣು ಮಂಜಾಗುತ್ತಿದೆ, ಇದೇ ಕೊನೆ ಎಂದು ಹೇಳಿದ್ದಕ್ಕೆ ಹೆಡ್ ಮೇಡಂ ಮನೆಗೇ ಬಂದು, "ಈ ಸಲ ನೀವು ಮುಂದಿನ ಸಾಲಲ್ಲಿ ಕೂತ್ಕೊಂಡು ನೋಡ್ಬೇಕು. ಪರದೆ ಹಿಂದೆ ಕಾಲಿಟ್ರೆ ನಾನು ಜಗಳ ಆಡ್ತೀನಿ" ಎಂದು ಹೇಳಿ ಹೋಗಿದ್ದರು. ಅಂದಿನಿಂದ ಅಕ್ಕನ ಬಾಯಲ್ಲಿ ಅದೇ ಮಾತು. ಆಪರೇಷನ್‌ಗೆ ಒಳಗೆ ಕರೆದೊಯ್ಯುವಾಗಲೂ, "ಕಾಡಿನ ದೃಶ್ಯದಲ್ಲಿ ಹಸಿರು ದೀಪ ಹಾಕ್ತಾರಂತೆ ಪುಟ್ಟಿ, ನನ್ನ ಎಲೆ ಕೋಟು ಹೆಂಗೆ ಕಾಣುತ್ತೋ" ಎಂದಿದ್ದಳು.

ಮೂರನೆಯ ದಿನ ಬೆಳಿಗ್ಗೆ, ಪುಟ್ಟಿ ಆಗಷ್ಟೇ ಬಂದು ಚೀಲ ಕೆಳಗಿಟ್ಟಿದ್ದಳು. ಮೇಜಿನ ಫೋನು ಹೊಡೆದುಕೊಂಡಿತು. ಮೇಲಿನ ವಾರ್ಡಿನ ನರ್ಸು.

"ಮೇಡಂ, ಗಾಬರಿ ಆಗ್ಬೇಡಿ. ನಿಮ್ಮ ಅಕ್ಕ ಬಚ್ಚಲಿಗೆ ಹೋಗಿ ಬರುವಾಗ ತಲೆ ಸುತ್ತಿ ಬಿದ್ರು. ಹಣೆಗೆ ಒಂಚೂರು ಪೆಟ್ಟಾಗಿದೆ ಅಷ್ಟೆ. ಡ್ರಿಪ್ ಹಾಕಿದೀವಿ."

ಪುಟ್ಟಿ ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದಳು.

ಅಕ್ಕ ಹಾಸಿಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹಣೆಯ ಮೇಲೆ ಹತ್ತಿಯ ಪಟ್ಟಿ. ಕಾಲ ಬಳಿ ಮನೆಗೆ ಹೋಗಲು ಕಟ್ಟಿಟ್ಟ ಚೀಲ, ಅದರ ಮೇಲೆ ಮಡಿಸಿಟ್ಟ ನೀಲಿ ಶಾಲು. ಡಾಕ್ಟರು ಅದಾಗಲೇ ನೋಡಿ ಹೋಗಿದ್ದರು.

"ಏನಂದ್ರು?" ಎಂದಳು ಪುಟ್ಟಿ.

"ಇವತ್ತು ಬೇಡ, ಇನ್ನೆರಡು ದಿನ ಇರಲಿ ಅಂದ್ರು" ಎಂದಳು ಅಕ್ಕ. ಧ್ವನಿ ತೀರ ಸಣ್ಣಗಿತ್ತು.

ಪುಟ್ಟಿ ನರ್ಸಿನ ಕಡೆ ತಿರುಗಿದಳು. "ಯಾಕೆ ಬಿದ್ದಳು? ನಿನ್ನೆ ಚೆನ್ನಾಗಿದ್ದಳಲ್ಲ?"

"ಹೊಟ್ಟೆ ಪೂರ್ತಿ ಖಾಲಿ ಮೇಡಂ. ನಿನ್ನೆ ರಾತ್ರಿ ಏನೂ ತಿಂದಿಲ್ಲ, ಬೆಳಿಗ್ಗೆನೂ ಏನೂ ಇಲ್ಲ. ನಿಶ್ಶಕ್ತಿ." ಅಷ್ಟು ಹೇಳಿ ಬೇರೆ ಯಾರೋ ಕರೆದರೆಂದು ನರ್ಸು ಓಡಿದಳು.

ಆಮೇಲೆ ಆಡಿದ ಮಾತು ಆಡಬಾರದಾಗಿತ್ತು. ಆದರೆ ಹೆದರಿಕೆಗೆ ಹೊರಬರಲು ಬೇರೆ ದಾರಿ ಸಿಗದಿದ್ದರೆ ಅದು ಸಿಟ್ಟಾಗಿ ಹೊರಬರುತ್ತದೆ. ಪುಟ್ಟಿ ಸೊಂಟದ ಮೇಲೆ ಕೈಯಿಟ್ಟು ನಿಂತು, ವಾರ್ಡಿಗೆ ವಾರ್ಡೇ ಕೇಳುವಂತೆ ಅಕ್ಕನ ಮೇಲೆ ಹರಿಹಾಯ್ದಳು.

"ಏನೇ ಇದು ನಿನ್ನ ಮೊಂಡುತನ? ಆಸ್ಪತ್ರೆ ಊಟ ರುಚಿಯಿಲ್ಲ ಅಂತ ಬಿಟ್ಟೆಯಾ? ಚಿಕ್ಕ ಮಗುವಾ ನೀನು? ಕೊಟ್ಟಿದ್ದನ್ನ ಎರಡು ತುತ್ತು ತಿಂದಿದ್ರೆ ಇವತ್ತು ನಾಟಕಕ್ಕೆ ಹೋಗ್ತಿದ್ದೆ. ನಿನ್ನ ಕೈಯಾರೆ ನೀನೇ ಕೆಡಿಸ್ಕೊಂಡೆ!"

ಪಕ್ಕದ ಹಾಸಿಗೆಯಲ್ಲಿದ್ದ ಬೊಚ್ಚುಬಾಯಿಯ ಅಜ್ಜಿ ಏನೋ ಹೇಳಲು ಬಾಯಿ ತೆರೆದಳು. ಅಕ್ಕ ಕಣ್ಣಲ್ಲೇ ಬೇಡವೆಂದಳು. ಅಜ್ಜಿ ಬಾಯಿ ಮುಚ್ಚಿ ಹೊದಿಕೆ ಎಳೆದುಕೊಂಡಳು. ಅಕ್ಕ ತಂಗಿಯ ಮುಖ ನೋಡಲಿಲ್ಲ. ಶಾಲಿನ ಅಂಚಿನಲ್ಲಿ ಬಿಟ್ಟುಕೊಂಡಿದ್ದ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತ, "ಆಯ್ತು ಬಿಡು. ಕೆಲಸ ಬಿಟ್ಟು ಬಂದಿದೀಯ, ಹೋಗು" ಎಂದಳು.

ಪುಟ್ಟಿ ದಡದಡ ಇಳಿದು ನೇರವಾಗಿ ಅಡುಗೆಮನೆಗೆ ಹೋದಳು. ಅಲ್ಲಿನ ಯಜಮಾನನಿಗೆ ಎಲ್ಲರೂ ದೊಡ್ಡ ಸೌಟು ಎನ್ನುತ್ತಿದ್ದರು. ಅವನ ಎದುರಿಗೂ ಅನ್ನುತ್ತಿದ್ದರು, ಅವನೂ ಓಗೊಡುತ್ತಿದ್ದ. ಆಳು ಗುಂಡಗೆ, ಮಾತು ಅದಕ್ಕಿಂತ ಗುಂಡಗೆ.

"ನಿನ್ನೆ ರಾತ್ರಿ ಮೂರನೇ ಮಹಡಿ ಕೊನೇ ಹಾಸಿಗೆಗೆ ಏನು ಕಳಿಸಿದ್ರಿ? ನನ್ನ ಅಕ್ಕ ಮುಟ್ಟಿಲ್ಲ ಅಂದ್ರೆ ಅದರಲ್ಲಿ ಏನೋ ಇರ್ಬೇಕು."

"ಯಾವುದು, ಕಿಟಕಿ ಪಕ್ಕದ್ದಾ?" ದೊಡ್ಡ ಸೌಟು ಗೋಡೆಯ ಮೊಳೆಗೆ ಚುಚ್ಚಿಟ್ಟ ಹಳೆಯ ಚೀಟಿಗಳ ಕಟ್ಟನ್ನು ಬಿಚ್ಚಿ, ನಾಲಿಗೆಗೆ ಬೆರಳು ತಾಕಿಸಿ ಒಂದೊಂದೇ ಸರಿಸಿದ. "ಅದಕ್ಕೆ ಚೀಟಿನೇ ಬಂದಿಲ್ವಲ್ಲ ಮೇಡಂ. ನಿನ್ನೆ ರಾತ್ರಿನೂ ಇಲ್ಲ, ಬೆಳಿಗ್ಗೆನೂ ಇಲ್ಲ. ಉಪವಾಸ ಅಂದ್ಕೊಂಡೆ."

"ಉಪವಾಸ ಇದ್ದಿದ್ದು ಪಕ್ಕದ ಅಜ್ಜಿಗೆ ಕಣ್ರೀ. ಅವರ ಆಪರೇಷನ್ ನಿನ್ನೆಯಿಂದ ಮುಂದಕ್ಕೆ ಹೋಗ್ತಿದೆ."

"ಅವರಿಗೂ ಇಲ್ಲ, ಇವರಿಗೂ ಇಲ್ಲ. ಚೀಟಿ ಇಲ್ಲದೆ ಟ್ರೇ ಕಳಿಸಿದ್ರೆ ನನ್ನ ಚರ್ಮ ಸುಲೀತೀರಲ್ಲ ನೀವೆಲ್ಲ. ಹೋದ ವಾರ ಒಂದು ಟ್ರೇ ತಪ್ಪಿ ಹೋಗಿದ್ದಕ್ಕೆ ಎಷ್ಟು ಕುಣಿದ್ರಿ?"

ಹೋದ ವಾರದ್ದು ಪುಟ್ಟಿಗೆ ಚೆನ್ನಾಗಿ ನೆನಪಿತ್ತು. ಉಪವಾಸದಲ್ಲಿರಬೇಕಾದ ಒಬ್ಬ ರೋಗಿಗೆ ಚೀಟಿ ಹೋಗಿ, ಆತ ಊಟ ಮಾಡಿ, ಶಸ್ತ್ರಚಿಕಿತ್ಸೆ ನಿಂತುಹೋಗಿತ್ತು. ಅದು ಇನ್ನೊಮ್ಮೆ ಆಗಬಾರದೆಂದು ಅವಳು ಪ್ರೋಗ್ರಾಂ ತಿದ್ದಿದ್ದಳು. ತಿದ್ದಿದ್ದು ಅಕ್ಕನ ಆಪರೇಷನ್ ದಿನ. ಅಕ್ಕನಿಗೆ ಎಚ್ಚರವಾಗುವ ಹೊತ್ತಿಗೆ ಪಕ್ಕದಲ್ಲಿರಬೇಕು ಎಂಬ ಆತುರದಲ್ಲಿ, ಗಡಿಯಾರದ ಮೇಲೆ ಒಂದು ಕಣ್ಣಿಟ್ಟುಕೊಂಡು.

ಅವಳು ತನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ ಕೂತಳು.

ಆ ಪ್ರೋಗ್ರಾಂ ನಡೆಯುವ ಬಗೆಯೂ ಒಂದು ಅಡುಗೆಮನೆಯಂಥದ್ದೇ. ಬರೆದ ಅಕ್ಷರಗಳು ಕೂಡಲೇ ಕಾಗದಕ್ಕೆ ಹೋಗುವುದಿಲ್ಲ. ಮೊದಲು ಒಂದು ಪಾತ್ರೆಯಲ್ಲಿ ನಿಲ್ಲುತ್ತವೆ. ಅದಕ್ಕೆ ಬಫರ್ ಎನ್ನುತ್ತಾರೆ. ವಾರ್ಡಿಗೊಂದು ದೊಡ್ಡ ಪಾತ್ರೆ. ಒಬ್ಬೊಬ್ಬ ರೋಗಿಯ ಚೀಟಿ ಶುರುವಾದಾಗ ಅದರೊಳಗೆ ಒಂದು ಬಟ್ಟಲು. ಆ ರೋಗಿಗೆ ವಿಶೇಷ ಸೂಚನೆಯೇನಾದರೂ ಇದ್ದರೆ ಬಟ್ಟಲೊಳಗೆ ಮತ್ತೊಂದು ಪುಟ್ಟ ಲೋಟ. ಯಾವುದು ಎಲ್ಲಕ್ಕಿಂತ ಒಳಗೆ ತೆರೆದಿದೆಯೋ ಬರೆದದ್ದೆಲ್ಲ ಅದಕ್ಕೇ ಬೀಳುತ್ತದೆ. ಮುಗಿದ ಮೇಲೆ ಲೋಟವನ್ನು ಬಟ್ಟಲಿಗೆ ಸುರಿಯಬೇಕು, ಬಟ್ಟಲನ್ನು ಪಾತ್ರೆಗೆ. ಕೊನೆಗೆ ಪಾತ್ರೆಯಲ್ಲಿರುವುದು ಕಾಗದಕ್ಕೆ. ಉಪವಾಸದ ರೋಗಿಯಾದರೆ ಅವನ ಬಟ್ಟಲನ್ನು ಸುರಿಯದೆ ಚೆಲ್ಲಿಬಿಡಬೇಕು. ಎಷ್ಟು ತೆರೆದೆವೋ ಅಷ್ಟನ್ನೂ ಒಳಗಿನಿಂದ ಹೊರಕ್ಕೆ ವರಸೆಯಾಗಿ ಮುಗಿಸಬೇಕು. ಇಷ್ಟೇ ನಿಯಮ.

ಪುಟ್ಟಿ ಆ ದಿನ ಸೇರಿಸಿದ್ದು ಒಂದೇ ಒಂದು ಸಾಲು. ಕೊನೆಯಲ್ಲಷ್ಟೇ ಅಲ್ಲ, ಸೂಚನೆ ಬರೆಯುವ ಹೊತ್ತಿಗೂ ವಿಚಾರಿಸು, ಉಪವಾಸವೆಂದು ಬಂದಿದ್ದರೆ ಕೈಯಲ್ಲಿರುವುದನ್ನು ಚೆಲ್ಲಿ ಮುಂದಿನ ರೋಗಿಗೆ ಹೋಗು, ಎಂದು. ಬೊಚ್ಚುಬಾಯಿಯ ಅಜ್ಜಿಗೆ ಸೂಚನೆಯಿತ್ತು: ಹಲ್ಲಿಲ್ಲ, ಬ್ರೆಡ್ಡಿನ ಅಂಚು ಕತ್ತರಿಸಿ ಕೊಡಿ. ಅದಕ್ಕೆಂದು ಲೋಟ ತೆರೆಯಿತು. ಉಪವಾಸವೆಂದು ಗೊತ್ತಾಯಿತು. ಕೈಯಲ್ಲಿದ್ದದ್ದನ್ನು ಚೆಲ್ಲಿತು. ಆದರೆ ಆ ಗಳಿಗೆಯಲ್ಲಿ ಕೈಯಲ್ಲಿದ್ದದ್ದು ಲೋಟ, ಬಟ್ಟಲಲ್ಲ. ಅಜ್ಜಿಯ ಬಟ್ಟಲು ತೆರೆದೇ ಉಳಿಯಿತು. ಆಮೇಲೆ ಅಕ್ಕನ ಸರದಿ. ಅಕ್ಕನ ಚೀಟಿ ಅಚ್ಚುಕಟ್ಟಾಗಿ ತಯಾರಾಯಿತು. ಮೆತ್ತಗಿನ ಊಟ, ಖಾರ ಬೇಡ, ಹಾಲು ಒಂದು ಲೋಟ. ತಯಾರಾದದ್ದು ಹೊರಗಿನದಕ್ಕೆ ಸುರಿಯಿತು. ಹೊರಗಿದ್ದದ್ದು ವಾರ್ಡಿನ ಪಾತ್ರೆಯಲ್ಲ, ಅಜ್ಜಿಯ ಮುಚ್ಚದ ಬಟ್ಟಲು. ಅಕ್ಕನದು ಕೊನೆಯ ಹಾಸಿಗೆ, ಅವಳ ನಂತರ ಯಾರೂ ಇಲ್ಲ. ಇದ್ದಿದ್ದರೆ ಹತ್ತು ಟ್ರೇ ಒಟ್ಟಿಗೆ ತಪ್ಪಿ, ವಾರ್ಡಿಗೆ ವಾರ್ಡೇ ಕೂಗೆಬ್ಬಿಸುತ್ತಿತ್ತು.

ಅಷ್ಟಾದರೂ ಪ್ರೋಗ್ರಾಂ ಕಿರುಚಿಕೊಳ್ಳಬೇಕಾಗಿತ್ತು, ಒಂದು ಬಟ್ಟಲು ಮುಚ್ಚದೆ ಉಳಿದಿದೆ ಎಂದು. ಹಿಂದೆ ಹಾಗೇ ಕಿರುಚುತ್ತಿತ್ತು. ಆ ಕಿರಿಕಿರಿ ತಾಳಲಾರದೆ, ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಪುಟ್ಟಿಯೇ ಕೊನೆಯಲ್ಲಿ ಒಂದು ಪೊರಕೆ ಇಟ್ಟಿದ್ದಳು. ವಾರ್ಡು ಮುಗಿದಾಗ ಏನೇ ತೆರೆದುಳಿದಿದ್ದರೂ ಸದ್ದಿಲ್ಲದೆ ಗುಡಿಸಿ ಹಾಕು. ಪೊರಕೆ ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡಿತ್ತು. ಅಜ್ಜಿಯ ಬಟ್ಟಲನ್ನು, ಅದರೊಳಗಿದ್ದ ಅಕ್ಕನ ಊಟವನ್ನು, ಒಂದೇ ಸಲಕ್ಕೆ ಗುಡಿಸಿತ್ತು.

ಪುಟ್ಟಿ ತೆರೆಯ ಮೇಲಿನ ಆ ಸಾಲುಗಳನ್ನು ನೋಡುತ್ತ ಕೂತಳು. ಸುಟ್ಟ ಹಾಲಿನ ವಾಸನೆ ಬಂದಂತಾಯಿತು. ಪಕ್ಕದ ಅಡುಗೆಮನೆಯಲ್ಲಿ ಹಾಲು ಚೆನ್ನಾಗಿಯೇ ಕಾಯುತ್ತಿತ್ತು, ಆ ವಾಸನೆ ಅಲ್ಲಿಂದ ಬಂದದ್ದಲ್ಲ. ಎಲ್ಲಕ್ಕಿಂತ ಹೆಚ್ಚು ಕೊರೆದದ್ದು ತಪ್ಪಲ್ಲ. ತಪ್ಪು ತಿದ್ದಬಹುದು. ಸೊಂಟದ ಮೇಲೆ ಕೈಯಿಟ್ಟು ಆಡಿದ ಮಾತು ಕೊರೆಯಿತು. ನಿನ್ನ ಕೈಯಾರೆ ನೀನೇ ಕೆಡಿಸಿಕೊಂಡೆ.

ಆಮೇಲೆ ಕೆಲಸಕ್ಕೆ ಕೈ ಹಾಕಿದಳು. ಲೋಟ ಚೆಲ್ಲಿದ ಮೇಲೆ ಬಟ್ಟಲನ್ನೂ ಚೆಲ್ಲುವಂತೆ ಮಾಡಿದಳು. ಪೊರಕೆಯ ಸಾಲನ್ನು ಅಳಿಸಿದಳು. ಇನ್ನು ಮುಂದೆ ಏನಾದರೂ ಮುಚ್ಚದೆ ಉಳಿದರೆ ಅದು ಅಡುಗೆಮನೆಯಲ್ಲೂ ಇಲ್ಲೂ ಗಂಟೆ ಬಾರಿಸುತ್ತದೆ. ಬೇರೆ ವಾರ್ಡುಗಳಲ್ಲಿ ಹೀಗಾಗಿದೆಯೇ ಎಂದು ಒಂದೊಂದನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಎಲ್ಲೂ ಆಗಿರಲಿಲ್ಲ. ಒಂದೇ ಒಂದು ಹಾಸಿಗೆಗೆ ಆಗಿತ್ತು. ಮೇಲಧಿಕಾರಿಗೆ ಫೋನ್ ಮಾಡಿ ಆದದ್ದನ್ನು ಆದ ಹಾಗೆ ಹೇಳಿದಳು.

ಹೊರಗೆ ಬಂದಾಗ ಮಧ್ಯಾಹ್ನದ ಚೀಟಿಗಳು ಪ್ರಿಂಟರಿನಿಂದ ಉದುರುತ್ತಿದ್ದವು. ಕಿಟಕಿ ಪಕ್ಕದ ಹಾಸಿಗೆಯದೂ ಬಂತು.

"ಸಿಕ್ತಾ ಕಳ್ಳ?" ಎಂದ ದೊಡ್ಡ ಸೌಟು.

"ಸಿಕ್ತು. ನಾನೇ."

ಅವನು ನಗಲು ಹೊರಟವನು ಅವಳ ಮುಖ ನೋಡಿ ಹಂಡೆಯ ಕಡೆ ತಿರುಗಿದ. ಆಮೇಲೆ ಸೌಟಿನಿಂದ ಹಂಡೆ ಕಲಕುತ್ತ, ಅವಳ ಕಡೆ ನೋಡದೆಯೇ ಹೇಳಿದ. "ನೀವು ಆ ಕಡೆ ಹೋಗಿದ್ದೇ ತಡ, ನರ್ಸಮ್ಮನ್ನ ಕೇಳಿ ಮೇಲಕ್ಕೆ ಒಂದು ಬಟ್ಟಲು ಸೂಪು ಕಳಿಸ್ದೆ. ಚೀಟಿ ಇಲ್ಲದೆ. ನನ್ನ ಜೀವಮಾನದಲ್ಲಿ ಇದೇ ಮೊದಲು. ಯಾರಿಗೂ ಹೇಳ್ಬೇಡಿ, ನನ್ನ ಮಾನ ಹೋಗುತ್ತೆ."

ಪುಟ್ಟಿ ಮೇಲೆ ಹೋದಾಗ ಅಕ್ಕನ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ಪಕ್ಕದ ಹಾಸಿಗೆ ಖಾಲಿ. ಅಜ್ಜಿಯನ್ನು ಕೊನೆಗೂ ಆಪರೇಷನ್‌ಗೆ ಕರೆದುಕೊಂಡು ಹೋಗಿದ್ದರು. ಪುಟ್ಟಿ ಸ್ಟೂಲು ಎಳೆದು ಕೂತಳು. ಏನೇನೋ ಹೇಳಬೇಕೆಂದು ಮೆಟ್ಟಿಲುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು. ಅದರಲ್ಲಿ ಒಂದೂ ನೆಟ್ಟಗೆ ಹೊರಬರಲಿಲ್ಲ.

"ನಿನಗೆ ಊಟ ಬಂದೇ ಇರಲಿಲ್ಲ. ಯಾಕೆ ಹೇಳಲಿಲ್ಲ ನೀನು?"

"ನಿನ್ನೆ ರಾತ್ರಿ ಒಂದ್ಸಲ ಕೇಳ್ದೆ. ನಿಮಗೆ ಚೀಟಿ ಇಲ್ಲಮ್ಮ, ಡಾಕ್ಟರು ಹೇಳಿರ್ತಾರೆ ಅಂದ್ಲು ನರ್ಸು. ಇರಬಹುದು ಅಂದ್ಕೊಂಡೆ."

"ಬೆಳಿಗ್ಗೆ?"

"ಬೆಳಿಗ್ಗೆ ಅನುಮಾನ ಬಂತು. ಆದರೆ ಚೀಟಿ ಕೆಲಸ ನಿಂದಲ್ವಾ ಪುಟ್ಟಿ. ನಾನು ಬಾಯಿ ಬಿಟ್ರೆ ನಿನ್ನ ಮೇಲೆ ಬರುತ್ತೆ. ಸ್ವಂತ ಅಕ್ಕನೇ ದೂರು ಹೇಳಿದ್ಲು ಅಂತ ಆಗುತ್ತೆ. ಇನ್ನೇನು ಮಧ್ಯಾಹ್ನ ಮನೆಗೆ ಹೋಗ್ತೀನಲ್ಲ, ಅಲ್ಲೀವರೆಗೆ ತಡ್ಕೊಂಡ್ರಾಯ್ತು ಅಂದ್ಕೊಂಡೆ. ಆ ಅಜ್ಜಿ ಪಾಪ, ತಾನೂ ಉಪವಾಸ, ದಿಂಬಿನ ಕೆಳಗಿಂದ ಪೆಪ್ಪರ್‌ಮೆಂಟು ತೆಗೆದು ಕೊಟ್ಲು. ಅದನ್ನೇ ಚೀಪ್ತಾ ಇದ್ದೆ."

"ನಾನು ಅಷ್ಟೆಲ್ಲ ಬೈದೆ. ಆಗಲಾದರೂ ಹೇಳಬಹುದಿತ್ತು."

"ಬೈಯೋವಾಗ ನೀನು ಯಾರ ಮಾತು ಕೇಳ್ತೀಯ? ಅಮ್ಮನ ಹಾಗೇ ನೀನು."

ಪುಟ್ಟಿ ತಲೆ ತಗ್ಗಿಸಿ ಹೇಳಿದಳು. "ತಪ್ಪು ನಂದು ಅಕ್ಕ. ಯಂತ್ರದ್ದಲ್ಲ, ನಂದು. ನಾನೇ ಬರೆದ ಸಾಲು." ಬಟ್ಟಲೊಳಗೆ ಲೋಟ, ಲೋಟ ಚೆಲ್ಲಿದ್ದು, ಬಟ್ಟಲು ಉಳಿದದ್ದು, ಎಲ್ಲವನ್ನೂ ಹೇಳಿದಳು. ಅಕ್ಕ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡಳು.

"ಅಂದ್ರೆ ಜೇಬಿನೊಳಗೆ ಜೇಬು ಇಟ್ಟು, ಹೊರಗಿನ ಜೇಬಿನ ಬಾಯಿ ಹೊಲಿದುಬಿಟ್ಟಂಗೆ."

"ಹೊಲಿದಿದ್ರೆ ಒಳಗಾದರೂ ಉಳೀತಿತ್ತು. ನಾನು ಜೇಬನ್ನೇ ಕತ್ತರಿಸಿ ಬಿಸಾಕಿದೆ."

"ಹೋಗಲಿ. ನಾನೂ ಒಂದ್ಸಲ ಮದುವಣಗಿತ್ತಿಯ ತೋಳು ತಿರುವುಮುರುವಾಗಿ ಹೊಲಿದಿದ್ದೆ. ಹುಡುಗಿ ಇಡೀ ದಿನ ಕೈ ಎತ್ತಲಿಲ್ಲ." ಅಕ್ಕ ನಕ್ಕಳು. ಹೊಲಿಗೆ ಹಾಕಿದ ಹೊಟ್ಟೆ ನೊಂದಿತೇನೋ, ನಗು ಅರ್ಧಕ್ಕೇ ನಿಂತಿತು.

ಪುಟ್ಟಿ ನಗಲಿಲ್ಲ. ಎದ್ದು ಹೋಗಿ ಡಾಕ್ಟರನ್ನು ಹುಡುಕಿದಳು. ಎರಡು ಗಂಟೆ ಮಾತ್ರ, ಗಾಲಿಕುರ್ಚಿಯಲ್ಲಿ ನಾಟಕಕ್ಕೆ ಕರೆದುಕೊಂಡು ಹೋಗಿ ಹಾಗೇ ತರುತ್ತೇನೆ ಎಂದು ಕೈಮುಗಿಯುವುದೊಂದು ಬಾಕಿಯಿಟ್ಟು ಕೇಳಿಕೊಂಡಳು. ಡಾಕ್ಟರು ಒಳ್ಳೆಯ ಮನುಷ್ಯ. ತಾಳ್ಮೆಯಿಂದ ಕೇಳಿ, ತಾಳ್ಮೆಯಿಂದಲೇ ಆಗುವುದಿಲ್ಲ ಎಂದರು. ತಲೆಗೆ ಪೆಟ್ಟು ಬಿದ್ದಿದೆ, ಇವತ್ತೊಂದು ರಾತ್ರಿ ಕಣ್ಣ ಮುಂದಿರಬೇಕು. ಶಾಲೆಗೆ ಫೋನ್ ಮಾಡಿದಾಗ ಹೆಡ್ ಮೇಡಂ, ಮುಂದಿನ ಸಾಲಿನ ಆ ಕುರ್ಚಿಯಲ್ಲಿ ಬೇರೆ ಯಾರನ್ನೂ ಕೂರಿಸುವುದಿಲ್ಲ, ಬೇಕಾದರೆ ಫೋನಿನಲ್ಲಿ ತೋರಿಸುತ್ತೇವೆ ಎಂದರು. ಅಕ್ಕ ಬೇಡವೆಂದಳು.

"ಬಟ್ಟೆ ದೀಪದ ಕೆಳಗೆ ಹೆಂಗೆ ಉಸಿರಾಡುತ್ತೆ ಅಂತ ಫೋನಲ್ಲಿ ಗೊತ್ತಾಗಲ್ಲ" ಎಂದಳು. ಅದೊಂದು ಮಾತಿನಲ್ಲಿ ಮಾತ್ರ ಅವಳ ಬೇಸರ ಹೊರಗೆ ಇಣುಕಿತು. ತಂಗಿ ಅದನ್ನು ನೋಡಿಬಿಟ್ಟಳೆಂದು ಗೊತ್ತಾಗಿ, ಕೂಡಲೇ ಶಾಲು ಸರಿಮಾಡಿಕೊಂಡಳು.

ಸಂಜೆಯಾಯಿತು. ಪುಟ್ಟಿ ಕೆಳಗೆ ಹೋಗಲಿಲ್ಲ, ಸ್ಟೂಲು ಬಿಟ್ಟು ಏಳಲಿಲ್ಲ. ಅಜ್ಜಿ ವಾಪಸು ಬಂದು ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಕಿಟಕಿಯ ಗಾಜಿನ ಮೇಲೆ ಬಿಸಿಲು ಕೆಂಪಾಗಿ ಕರಗಿತು. ಗೋಡೆಯ ಗಡಿಯಾರದ ಕಡೆ ಅಕ್ಕ ನೋಡಲಿಲ್ಲ, ಆದರೆ ಆ ಹೊತ್ತು ಬಂದಾಗ ಅವಳಿಗೆ ಅದು ಹೇಗೋ ತಿಳಿಯಿತು.

"ಈಗ ಪರದೆ ಎದ್ದಿರುತ್ತೆ" ಎಂದಳು.

ಆಮೇಲೆ ಕಣ್ಣು ಮುಚ್ಚಿಕೊಂಡು ಒಂದೊಂದೇ ಹೇಳಿದಳು. ಮೊದಲು ಗಾಳಿ ಬರುತ್ತದೆ. ಗಾಳಿಯ ಹುಡುಗಿಗೆ ಬೂದು ಬಣ್ಣದ ಉದ್ದ ಲಂಗ, ಅಂಚಿಗೆ ಭಾರ ಇಟ್ಟಿಲ್ಲ, ತಿರುಗಿದರೆ ಹಾರಬೇಕು. ಆಮೇಲೆ ಮರಗಳು. ಎಲೆ ಕೋಟಿನಲ್ಲಿ ಮೂರು ಥರದ ಹಸಿರು, ಒಳಗೆ ಹಳದಿ ಅಸ್ತರು. ಮರ ಕೈ ಎತ್ತಿದಾಗ ಮಾತ್ರ ಹಳದಿ ಕಾಣಬೇಕು, ಬಿಸಿಲು ಬಿದ್ದ ಹಾಗೆ. "ಅದು ಕಂಡಿತೋ ಇಲ್ಲವೋ" ಎಂದಳು. "ಮರದ ಹುಡುಗ ನಾಚಿಕೆಯವನು. ಕೈ ಪೂರ್ತಿ ಎತ್ತಲ್ಲ."

"ಎತ್ತಿರ್ತಾನೆ ಬಿಡು" ಎಂದಳು ಪುಟ್ಟಿ.

"ಎತ್ತಿರ್ತಾನೆ" ಎಂದಳು ಅಕ್ಕ.

ಆ ಹಳದಿಯನ್ನು ಅಕ್ಕನಿಗೆ ತಂದುಕೊಡುವ ಯಾವ ಸಾಲನ್ನೂ ಪುಟ್ಟಿ ಬರೆಯಲಾರಳು. ಮುಂದಿನ ವರ್ಷ ಅಕ್ಕ ಹೊಲಿಯುವುದಿಲ್ಲ. ಇದೇ ಕಟ್ಟಡದ ಕೆಳಗೇ ಕೂತಿದ್ದು, ನಿನ್ನೆ ಸಂಜೆ ಒಮ್ಮೆ ಮೆಟ್ಟಿಲು ಹತ್ತಿ ಬಂದು ಊಟ ಆಯಿತಾ ಎಂದು ಕೇಳಿದ್ದರೆ ಸಾಕಿತ್ತು. ಮನೆಯಲ್ಲಿ ಕೆಲಸ ಬಾಕಿಯಿದೆ ಎಂದು ಹೊರಟು, ದಾರಿಯಲ್ಲಿ ಫೋನ್ ಮಾಡಿ, ಚೆನ್ನಾಗಿದೀಯಾ ಎಂದಿದ್ದಳು. ಅಕ್ಕ ಚೆನ್ನಾಗಿದೀನಿ ಎಂದಿದ್ದಳು. ಅಷ್ಟಕ್ಕೇ ಇಬ್ಬರೂ ಫೋನು ಇಟ್ಟಿದ್ದರು.

ಕಾರಿಡಾರಿನಲ್ಲಿ ಟ್ರೇ ಗಾಡಿಯ ಚಕ್ರಗಳು ಕಿರುಗುಟ್ಟಿದವು. ಇವತ್ತು ಗಾಡಿ ತಳ್ಳಿಕೊಂಡು ದೊಡ್ಡ ಸೌಟು ಖುದ್ದಾಗಿ ಬಂದಿದ್ದ. ಏದುಸಿರು ಬಿಡುತ್ತ ಅಕ್ಕನ ಮುಂದೆ ಟ್ರೇ ಇಟ್ಟು, ಸಿಕ್ಕಿಸಿದ ಚೀಟಿಯನ್ನು ಬೆರಳಿನಿಂದ ತಟ್ಟಿ ತೋರಿಸಿದ. "ನೋಡಿಮ್ಮ, ಚೀಟಿ ಸಮೇತ" ಎಂದು ಹೇಳಿ ಮುಂದಿನ ವಾರ್ಡಿಗೆ ಹೊರಟುಹೋದ.

ಅಕ್ಕ ಕನ್ನಡಕ ಹಾಕಿಕೊಂಡು ಚೀಟಿಯನ್ನು ಮೇಲಿಂದ ಕೆಳಗಿನವರೆಗೆ ಓದಿದಳು, ತಂಗಿಯ ಕೈಬರಹವೇನೋ ಎಂಬಂತೆ. ಆಮೇಲೆ ಅದನ್ನು ಮಡಿಸಿ ದಿಂಬಿನ ಕೆಳಗಿಟ್ಟಳು. ತಟ್ಟೆಯ ಮುಚ್ಚಳ ತೆಗೆದಳು. ಸೂಪಿನ ಬಟ್ಟಲು, ಎರಡು ತುಂಡು ಬ್ರೆಡ್ಡು, ಬೇಯಿಸಿದ ತರಕಾರಿ, ಒಂದು ಲೋಟ ಹಾಲು.

"ಬೆಳಿಗ್ಗೆಯಿಂದ ಏನು ತಿಂದೆ?" ಎಂದಳು.

ಪುಟ್ಟಿಯ ಊಟದ ಡಬ್ಬಿ ಕೆಳಗೆ ಕೋಣೆಯಲ್ಲಿ ಚೀಲದೊಳಗೇ ಇತ್ತು, ಬಿಚ್ಚಿರಲಿಲ್ಲ.

ಅಕ್ಕ ಮುಚ್ಚಳವನ್ನು ಅಂಗಾತ ತಿರುಗಿಸಿ ಮಡಿಲಲ್ಲಿಟ್ಟುಕೊಂಡಳು. ಒಂದು ತುಂಡು ಬ್ರೆಡ್ಡು ಇಟ್ಟಳು, ತರಕಾರಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬಡಿಸಿದಳು, ಹಾಲಿನ ಮೇಲೆ ಕಟ್ಟಿದ್ದ ಕೆನೆಯನ್ನು ಚಮಚದಿಂದ ಎತ್ತಿ ಬ್ರೆಡ್ಡಿಗೆ ಸವರಿದಳು. ಡ್ರಿಪ್ಪಿನ ಕೊಳವೆ ಸಿಕ್ಕಿಹಾಕಿಕೊಳ್ಳದಂತೆ ಒಂದು ಕೈಯಿಂದ ಸರಿಸಿ, ಇನ್ನೊಂದು ಕೈಯಿಂದ ಆ ಮುಚ್ಚಳವನ್ನು ತಂಗಿಯ ಕೈಗಿತ್ತಳು.